ಕಂಪ್ಯೂಟರ್ ಏಳದ ಬೆಳಗು

ಕಳೆದ ಮಳೆಗಾಲದ ಒಂದು ಬೆಳಗ್ಗೆ ನಮ್ಮ ಮನೆಯ ಕಂಪ್ಯೂಟರ್ ಏಳಲಿಲ್ಲ. ಗುಂಡಿ ಒತ್ತಿದೆ, ದೀಪ ಹತ್ತಿತು. ಒಳಗಿನ ಫ್ಯಾನು ತಿರುಗುವ ಸದ್ದೂ ಕೇಳಿಸಿತು. ತೆರೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಸೂಚನೆ ಬಂದಿತು. ಒಂದು ಕೀಲಿಯನ್ನು ಒತ್ತಿದರೆ ಮುಂದುವರಿಯುವೆನೆಂಬಂತಿತ್ತು, ಒತ್ತಿದೆ. ಅನಂತರ ತೆರೆ ಕಪ್ಪಾಗಿ, ಮೂಲೆಯಲ್ಲಿ ಒಂದೇ ಒಂದು ಬಿಳಿಯ ಸಾಲು ಉಳಿಯಿತು. ಹೊರಡುವುದಕ್ಕೆ ತಕ್ಕ ಡಿಸ್ಕ್ ಸಿಗಲಿಲ್ಲ, ಸರಿಯಾದುದನ್ನು ಆರಿಸಿ ಎಂದು ಅದರ ತಾತ್ಪರ್ಯ. ‘ಆರಿಸು’ ಎಂಬುದಕ್ಕೆ ನಮ್ಮ ಭಾಷೆಯಲ್ಲಿ ಎರಡು ಅರ್ಥಗಳುಂಟು. ಮೊದಲನೆಯದು ನನ್ನಿಂದಾಗಲಿಲ್ಲ, ಆದುದರಿಂದ ಎರಡನೆಯ ಅರ್ಥವನ್ನು ಹಿಡಿದು, ಯಂತ್ರವನ್ನೇ ಆರಿಸಿ ಮತ್ತೆ ಹಾಕಿದೆ. ಹೀಗೆ ಏಳೆಂಟು ಸಲ ಮಾಡಿದರೂ ಅದೇ ಸಾಲು.

ಹಳೆಯ ಯಂತ್ರವೊಂದು ಕೆಟ್ಟರೆ ಇಷ್ಟು ತಳಮಳವೇಕೆ ಎಂದು ಕೇಳುಗರು ಕೇಳಬಹುದು. ನನ್ನ ಅತ್ತೆಯವರಿಗೆ ಮದುವೆಮನೆಯ ಹಾಡುಗಳು ಬಾಯಿತುಂಬ ಬರುತ್ತಿದ್ದುವು. ಎಣ್ಣೆ ಹಚ್ಚುವಾಗಿನವು, ಹಸೆಗೆ ಕರೆಯುವಾಗಿನವು, ಆರತಿ ಎತ್ತುವಾಗಿನವು. ನನ್ನ ಹೆಂಡತಿ ಅವನ್ನೆಲ್ಲ ನೋಟುಪುಸ್ತಕಗಳಲ್ಲಿ ಬರೆದುಕೊಂಡಿದ್ದಳು. ಮಲೆನಾಡಿನ ತೇವಕ್ಕೆ ಆ ಪುಸ್ತಕಗಳು ಬೂಷ್ಟು ಹಿಡಿದು, ಅನಂತರ ಗೆದ್ದಲಿನ ಪಾಲಾಗತೊಡಗಿದಾಗ, ಕಂಪ್ಯೂಟರನ್ನು ಕೊಂಡು, ಅಕ್ಷರವೊಂದೊಂದನ್ನೂ ಹುಡುಕಿ ಒತ್ತುತ್ತ, ಆ 240 ಹಾಡುಗಳನ್ನು ಟೈಪು ಮಾಡಿದಳು. 2018ರಲ್ಲಿ ಅವಳು ತೀರಿಕೊಂಡಳು. ಪ್ರತಿಯೊಂದನ್ನು ಬೇರೆಡೆ ಇಡಬೇಕೆಂದು ನಾನು ಪ್ರತಿ ವರ್ಷವೂ ಅಂದುಕೊಳ್ಳುತ್ತಿದ್ದೆ. ಅಂದುಕೊಳ್ಳುವುದರಲ್ಲಿಯೇ ವರ್ಷಗಳು ಕಳೆದಿದ್ದುವು.

ಪೇಟೆಯಿಂದ ಒಬ್ಬರನ್ನು ಕರೆಸಿದೆ. ಅವರು ಎರಡು ನಿಮಿಷ ನೋಡಿ, “ಡಿಸ್ಕು ಕೆಟ್ಟಿದೆ ಸಾರ್. ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಬಿಡೋಣ, ಒಂದು ಗಂಟೆಯ ಕೆಲಸ” ಎಂದರು. “ಒಳಗೆ ಇದ್ದದ್ದು?” ಎಂದೆ. “ಅದು ಹೋಗುತ್ತದೆ ಸಾರ್” ಎಂದರು. ಮಳೆ ನಿಂತಮೇಲೆ ತಿಳಿಸುತ್ತೇನೆಂದು ಹೇಳಿ ಅವರನ್ನು ಕಳಿಸಿ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಫೋನು ಮಾಡಿದೆ. ಅವನು ಪಕ್ಕದ ಊರಿನಲ್ಲಿ ಇಂಥ ಯಂತ್ರಗಳ ರಿಪೇರಿಯ ಕೆಲಸ ಮಾಡುತ್ತಾನೆ.

“ಮೇಷ್ಟ್ರೇ, ಒಳಗಿನಿಂದ ಟಕ್ ಟಕ್ ಎಂದು ಸದ್ದು ಬರುತ್ತಿದೆಯೆ?” ಎಂದು ಕೇಳಿದ. ಇಲ್ಲವೆಂದೆ. “ಆದರೂ ನಾನು ಬರುವವರೆಗೆ ಅದನ್ನು ಮತ್ತೆ ಮತ್ತೆ ಹಾಕಬೇಡಿ. ಮೊದಲು ತೆರೆಯ ಮೇಲೆ ಏನೋ ಸೂಚನೆ ಬಂತೆಂದಿರಲ್ಲ, ಏನು ಬರೆದಿತ್ತು?” “ಏನೋ ಇಂಗ್ಲಿಷಿನಲ್ಲಿ ಇತ್ತಪ್ಪ” ಎಂದೆ. ಅವನು ನಕ್ಕ. “ಪದ್ಯದ ಸಾಲನ್ನು ನಾವು ಹೀಗೆ ಹೇಳಿದ್ದರೆ ತರಗತಿಯಲ್ಲಿ ನೀವು ಬಿಡುತ್ತಿದ್ದಿರಾ ಮೇಷ್ಟ್ರೇ?”

ಆ ಪ್ರಶ್ನೆಯಿಂದ ನನ್ನ ಪಾಠ ಮೊದಲಾಯಿತು. ಅವನಿಂದ ನಾನು ಕಲಿತದ್ದನ್ನು ತಮ್ಮ ಮುಂದಿಡುವುದೇ ಈ ಭಾಷಣದ ಉದ್ದೇಶ.

ಕಂಪ್ಯೂಟರ್ ಏಳುವುದಕ್ಕೆ ಇಂಗ್ಲಿಷಿನಲ್ಲಿ ‘ಬೂಟ್’ ಆಗುವುದೆನ್ನುತ್ತಾರೆ. ಎತ್ತರದ ಬೂಟುಗಳನ್ನು ಕಾಲಿಗೆ ಎಳೆದುಕೊಳ್ಳಲು ಹಿಂಬದಿಯಲ್ಲಿ ಒಂದು ಪಟ್ಟಿ ಇರುತ್ತದೆ. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ಮೇಲೆತ್ತಿಕೊಳ್ಳುವುದೆಂಬ ಅಸಾಧ್ಯದ ಮಾತಿನಿಂದ ಈ ಪದ ಬಂದಿದೆ. ಎಷ್ಟು ಪಳಗಿದ ನಟನಾದರೂ ತನ್ನ ಹೆಗಲನ್ನು ತಾನೇ ಏರಲಾರನೆಂದು ನಮ್ಮ ತಾರ್ಕಿಕರು ಹೇಳುತ್ತಿದ್ದುದೂ ಇಂಥದೇ ಮಾತು. ಕಂಪ್ಯೂಟರಿನ ತೊಡಕೂ ಇದೇ. ಅದು ಏನು ಮಾಡಬೇಕಾದರೂ ಆಜ್ಞೆ ಬೇಕು; ಆಜ್ಞೆಗಳೆಲ್ಲ ಡಿಸ್ಕಿನಲ್ಲಿವೆ; ಡಿಸ್ಕನ್ನು ಓದುವುದಕ್ಕೂ ಆಜ್ಞೆ ಬೇಕು. ಇದಕ್ಕೆ ಕಂಡುಕೊಂಡ ಉಪಾಯವೆಂದರೆ, ವಿದ್ಯುತ್ತು ಹೋದರೂ ಅಳಿಯದ ಒಂದು ಚಿಪ್ಪಿನಲ್ಲಿ ಮೊದಲ ನಾಲ್ಕು ಮಾತುಗಳನ್ನು ಬರೆದಿಡುವುದು. ಅದಕ್ಕೆ ಬಯಾಸ್ ಎಂದು ಹೆಸರು. 1981ರಲ್ಲಿ ಹೊರಬಂದ ಐಬಿಎಂ ಪಿಸಿಯಲ್ಲಿ ಇದ್ದುದು ಇದೇ. ಈಚಿನ ಯಂತ್ರಗಳಲ್ಲಿ ಇದರ ಜಾಗಕ್ಕೆ ಯುಇಎಫ್‌ಐ ಎಂಬುದು ಬಂದಿದೆ. ಹೆಸರು ಬೇರೆಯಾದರೂ ಕೆಲಸ ಒಂದೇ.

ಹೀಗಾಗಿ ಕಂಪ್ಯೂಟರ್ ಒಮ್ಮೆಗೇ ಏಳುವುದಿಲ್ಲ. ಒಬ್ಬ ಇನ್ನೊಬ್ಬನನ್ನು ಎಬ್ಬಿಸಿದ ಹಾಗೆ ಹಂತಹಂತವಾಗಿ ಏಳುತ್ತದೆ. ಆದುದರಿಂದ ‘ಕಂಪ್ಯೂಟರ್ ಕೆಟ್ಟಿದೆ’ ಎನ್ನುವುದಕ್ಕಿಂತ ‘ಯಾವ ಹಂತದಲ್ಲಿ ನಿಂತಿದೆ’ ಎಂದು ಕೇಳಬೇಕು. ನನ್ನ ವಿದ್ಯಾರ್ಥಿ ನಾಲ್ಕು ಹಂತಗಳನ್ನು ಹೇಳಿಕೊಟ್ಟ.

ಮೊದಲನೆಯದು ವಿದ್ಯುತ್ತಿನ ಹಂತ. ಗೋಡೆಯಿಂದ ಬರುವ 230 ವೋಲ್ಟಿನ ವಿದ್ಯುತ್ತನ್ನು ಒಳಗಿನ ಒಂದು ಪೆಟ್ಟಿಗೆ 12, 5 ಮತ್ತು 3.3 ವೋಲ್ಟುಗಳಿಗೆ ಇಳಿಸುತ್ತದೆ. ಈ ಮೂರೂ ನೆಲೆಗೊಂಡುವೆಂದು ಅದು ಸಂಕೇತ ಕೊಟ್ಟ ಮೇಲೆಯೇ ಉಳಿದ ಭಾಗಗಳು ಕೆಲಸಕ್ಕೆ ತೊಡಗುತ್ತವೆ. ಇದೆಲ್ಲ ಅರ್ಧ ಸೆಕೆಂಡಿನ ಒಳಗೆ ಆಗುವ ಮಾತು. ಗುಂಡಿ ಒತ್ತಿದಾಗ ದೀಪವೂ ಇಲ್ಲ, ಸದ್ದೂ ಇಲ್ಲ ಎಂದಾದರೆ ತಪ್ಪು ಈ ಹಂತದಲ್ಲಿದೆ. ಆಗ ಗೋಡೆಯ ಪ್ಲಗ್ಗಿಗೆ ಒಂದು ಟೇಬಲ್ ಲ್ಯಾಂಪನ್ನು ಸಿಕ್ಕಿಸಿ ನೋಡಬೇಕು. ಯುಪಿಎಸ್ ಇದ್ದರೆ ಅದನ್ನು ಬಿಟ್ಟು ನೇರವಾಗಿ ಗೋಡೆಗೆ ಸೇರಿಸಿ ನೋಡಬೇಕು. ಹಿಂಬದಿಯ ವೈರು ಸಡಿಲಾಗಿದೆಯೆ, ಅಲ್ಲಿಯ ಚಿಕ್ಕ ಸ್ವಿಚ್ಚು ಆರಿದೆಯೆ ಎಂದು ನೋಡಬೇಕು. ಏನೂ ಕಾಣದಿದ್ದರೆ ಪ್ಲಗ್ಗನ್ನು ಕಿತ್ತು, ಗುಂಡಿಯನ್ನು ಹತ್ತು ಹದಿನೈದು ಸೆಕೆಂಡು ಒತ್ತಿಹಿಡಿದು, ಉಳಿದ ವಿದ್ಯುತ್ತನ್ನು ಹರಿಯಬಿಟ್ಟು ಮತ್ತೆ ಹಾಕಬೇಕು. ಇಷ್ಟರಿಂದಲೇ ಎದ್ದ ಯಂತ್ರಗಳು ಹಲವಿವೆ. ಆದರೆ ಆ ವಿದ್ಯುತ್ತಿನ ಪೆಟ್ಟಿಗೆಯನ್ನು ಮಾತ್ರ ಮನೆಯಲ್ಲಿ ಯಾರೂ ಬಿಚ್ಚಕೂಡದು. ಪ್ಲಗ್ಗು ಕಿತ್ತ ಮೇಲೂ ಅಪಾಯವಾಗುವಷ್ಟು ವಿದ್ಯುತ್ತು ಅದರಲ್ಲಿ ನಿಂತಿರಬಹುದು.

ಎರಡನೆಯದು ಸ್ವಪರೀಕ್ಷೆಯ ಹಂತ. ಯಂತ್ರ ತನ್ನ ಅಂಗಾಂಗಗಳನ್ನು ತಾನೇ ಮುಟ್ಟಿನೋಡಿಕೊಳ್ಳುತ್ತದೆ. ದೀಪವಿದೆ, ಫ್ಯಾನು ತಿರುಗುತ್ತಿದೆ, ತೆರೆ ಮಾತ್ರ ಕಪ್ಪು ಎಂದಾದರೆ ತೊಡಕು ಇಲ್ಲಿದೆ. ಮೊದಲು ತೆರೆಗೇ ವಿದ್ಯುತ್ತು ಬರುತ್ತಿದೆಯೆ, ಅದರ ವೈರು ಭದ್ರವಾಗಿದೆಯೆ ಎಂದು ನೋಡಬೇಕು. ಅದು ಸರಿಯಿದ್ದರೆ ರ‍್ಯಾಮ್ ಎಂಬ ಪಟ್ಟಿಗಳ ಮೇಲೆ ಸಂಶಯ ಹೋಗುತ್ತದೆ. ಯಂತ್ರ ಕೆಲಸಮಾಡುವಾಗ ಬಳಸುವ ನೆನಪು ಇರುವುದು ಅವುಗಳಲ್ಲಿ. ಪ್ಲಗ್ಗು ಕಿತ್ತು, ಕವಚದ ಲೋಹವನ್ನು ಒಮ್ಮೆ ಮುಟ್ಟಿ ನಮ್ಮ ಮೈಯ ವಿದ್ಯುತ್ತನ್ನು ಕಳೆದುಕೊಂಡು, ಆ ಪಟ್ಟಿಗಳನ್ನು ತೆಗೆದು ಮತ್ತೆ ಗಟ್ಟಿಯಾಗಿ ಕೂರಿಸಿದರೆ ಎಷ್ಟೋ ವೇಳೆ ಸರಿಹೋಗುತ್ತದೆ. ಕೆಲವು ಯಂತ್ರಗಳು ಬೀಪ್ ಎಂದು ಕೂಗಿ ಹೇಳುತ್ತವೆ. ಎಷ್ಟು ಸಲ ಕೂಗಿದರೆ ಏನರ್ಥವೆಂಬುದು ತಯಾರಕರಿಂದ ತಯಾರಕರಿಗೆ ಬೇರೆ, ಕೈಪಿಡಿಯಲ್ಲಿ ನೋಡಬೇಕು.

ಮೂರನೆಯದು ಹುಡುಕುವ ಹಂತ. ನನ್ನ ಯಂತ್ರ ನಿಂತದ್ದು ಇಲ್ಲಿ. ಸ್ವಪರೀಕ್ಷೆ ಮುಗಿದ ಮೇಲೆ ಬಯಾಸ್ ತನ್ನಲ್ಲಿರುವ ಒಂದು ಪಟ್ಟಿಯನ್ನು ಹಿಡಿದು, ವಿಂಡೋಸಿನಂಥ ವ್ಯವಸ್ಥೆ ಎಲ್ಲಿದೆಯೆಂದು ಹುಡುಕುತ್ತದೆ. ಹಳೆಯ ಪದ್ಧತಿಯ ಡಿಸ್ಕಾದರೆ ಅದರ ಮೊದಲ 512 ಬೈಟುಗಳನ್ನು ಮಾತ್ರ ಓದಿ, ಕೊನೆಯಲ್ಲಿ ಗೊತ್ತಾದ ಗುರುತೊಂದು ಇದೆಯೆ ಎಂದು ನೋಡುತ್ತದೆ. ಇದ್ದರೆ ಅಲ್ಲಿ ಬರೆದಿರುವ ಆಜ್ಞೆಗಳಿಗೆ ಅಧಿಕಾರವನ್ನು ಒಪ್ಪಿಸುತ್ತದೆ. ಕಿತ್ತಿಡಲು ಮರೆತ ಪೆನ್‌ಡ್ರೈವ್ ಒಂದು ಪಟ್ಟಿಯಲ್ಲಿ ಮುಂದಿದ್ದರೂ ಇಲ್ಲಿ ಗೊಂದಲವಾಗಬಹುದು. ಆದುದರಿಂದ ಇಂಥ ಸಾಲು ಕಂಡಾಗ ಹೊರಗಿನಿಂದ ಸಿಕ್ಕಿಸಿದ ಪೆನ್‌ಡ್ರೈವ್, ಪ್ರಿಂಟರು ಮೊದಲಾದುವನ್ನೆಲ್ಲ ಕಿತ್ತು ಮತ್ತೊಮ್ಮೆ ನೋಡುವುದು ಲೇಸು.

ನಾಲ್ಕನೆಯದು ವಿಂಡೋಸೇ ಏಳುವ ಹಂತ. ಅದರ ಚಿಹ್ನೆ ಮೂಡಿ, ಚುಕ್ಕೆಗಳು ಸುತ್ತುತ್ತಲೇ ಇದ್ದರೆ ಅಥವಾ ಯಂತ್ರ ತಾನಾಗಿ ಆರಿ ಹೊತ್ತುತ್ತಿದ್ದರೆ, ಕೆಟ್ಟಿರುವುದು ಆ ವ್ಯವಸ್ಥೆಯ ಯಾವುದೋ ಕಡತವಿರಬಹುದು. ಕೆಲವು ಸಲ ಸೋತ ಮೇಲೆ ಅದು ತಾನೇ ದುರಸ್ತಿಯ ಪುಟವೊಂದನ್ನು ತೆರೆಯುತ್ತದೆ. ಅಲ್ಲಿ ಅದನ್ನು ಹೊಸದಾಗಿಸಲು ಎರಡು ದಾರಿಗಳಿವೆ: ನನ್ನ ಫೈಲುಗಳನ್ನು ಉಳಿಸು ಎಂಬುದೊಂದು, ಎಲ್ಲವನ್ನೂ ತೆಗೆ ಎಂಬುದಿನ್ನೊಂದು. ಆತುರದ ಬೆರಳು ಎರಡನೆಯದನ್ನು ಒತ್ತಿದರೆ ಒಂದು ಬಾಳಿನ ಬರಹ ಹೋದೀತು.

ಇನ್ನು ನನ್ನ ಯಂತ್ರಕ್ಕೆ ಏನಾಗಿತ್ತೆಂದು ಹೇಳಬೇಕು. ವಿದ್ಯಾರ್ಥಿ ಬಂದವನೇ ಯಂತ್ರವನ್ನು ಒಮ್ಮೆ ಮಾತ್ರ ಹಾಕಿ, ನಾನು ಓದದೆ ದಾಟಿಸಿದ್ದ ಆ ಮೊದಲ ಸೂಚನೆಯನ್ನು ನಿಧಾನವಾಗಿ ಓದಿದ. ಬಯಾಸಿನ ನೆನಪು ಅಳಿದಿದೆ, ಮೂಲದ ಏರ್ಪಾಡುಗಳನ್ನೇ ಇರಿಸಿಕೊಂಡಿದ್ದೇನೆ ಎಂದು ಅದು ತಿಳಿಸಿತ್ತು. ಒಳಪುಟವನ್ನು ತೆರೆದರೆ ಅಲ್ಲಿಯ ದಿನಾಂಕ 2009ರ ಜನವರಿ 1. ಅಲ್ಲಿಯೇ ಎರಡು ಡಿಸ್ಕುಗಳ ಹೆಸರೂ ಇದ್ದುವು. “ನೋಡಿ ಮೇಷ್ಟ್ರೇ, ಡಿಸ್ಕು ಸತ್ತಿದ್ದರೆ ಅದರ ಹೆಸರು ಇಲ್ಲಿ ಬರುತ್ತಿರಲಿಲ್ಲ” ಎಂದ.

ಕಾರಣ ಸರಳವಾಗಿತ್ತು. ಕಂಪ್ಯೂಟರಿನ ಒಳಗೆ ನಾಣ್ಯದಂಥ ಒಂದು ಬ್ಯಾಟರಿ ಇದೆ. ಅದರ ಹೆಸರು ಸಿಆರ್ 2032. 20 ಮಿಲಿಮೀಟರು ಅಗಲ, 3.2 ಮಿಲಿಮೀಟರು ದಪ್ಪ ಎಂಬ ಅಳತೆ ಹೆಸರಿನಲ್ಲಿಯೇ ಇದೆ. ಹೊರಗಿನ ವಿದ್ಯುತ್ತು ಇಲ್ಲದಾಗ ಗಡಿಯಾರವನ್ನು ನಡೆಸುವುದೂ ಹುಡುಕುವ ಪಟ್ಟಿಯನ್ನು ನೆನಪಿನಲ್ಲಿಡುವುದೂ ಅದರ ಕೆಲಸ. ಪ್ಲಗ್ಗು ಗೋಡೆಯಲ್ಲಿದ್ದರೆ, ಯಂತ್ರ ಆರಿದ್ದರೂ ಅದಕ್ಕೆ ಹೆಚ್ಚು ಶ್ರಮವಿಲ್ಲ. ಮಲೆನಾಡಿನವರಾದ ನಾವು ಸಿಡಿಲಿಗೆ ಹೆದರಿ ಮಳೆಗಾಲದಲ್ಲಿ ಪ್ರತಿ ಸಂಜೆಯೂ ಪ್ಲಗ್ಗನ್ನು ಕಿತ್ತಿಡುತ್ತೇವೆ. ಕಿತ್ತಿಡಲೇಬೇಕು. ಆ ರಾತ್ರಿಗಳನ್ನೆಲ್ಲ ಬ್ಯಾಟರಿಯೊಂದೇ ಹೊತ್ತು, ಕೊನೆಗೆ ಸೋತಿತ್ತು. ಮೀಟರು ಹಿಡಿದು ನೋಡಿದಾಗ 3 ವೋಲ್ಟು ಇರಬೇಕಾದಲ್ಲಿ 2 ಕೂಡ ಇರಲಿಲ್ಲ.

2016ರಲ್ಲಿ ನನ್ನ ಮಗ ಹೊಸ ಡಿಸ್ಕೊಂದನ್ನು ಸೇರಿಸಿ, ವಿಂಡೋಸನ್ನು ಅದರಲ್ಲಿ ಹಾಕಿ, ಹಳೆಯ ಡಿಸ್ಕಿನಲ್ಲಿ ಬರಹಗಳನ್ನಷ್ಟೇ ಉಳಿಸಿದ್ದ. ಹೊಸದನ್ನು ಮೊದಲು ನೋಡೆಂದು ಪಟ್ಟಿಯಲ್ಲಿ ತಿಳಿಸಿದ್ದ. ಬ್ಯಾಟರಿ ಸೋತಾಗ ಆ ಮಾತು ಮರೆತುಹೋಗಿ, ಯಂತ್ರ ಹಳೆಯ ಡಿಸ್ಕಿನ ಬಾಗಿಲನ್ನೇ ತಟ್ಟಿತು; ಅಲ್ಲಿ ವಿಂಡೋಸ್ ಇರಲಿಲ್ಲ. ಅಳಿಸಿಬಿಡೋಣವೆಂದು ಮೊದಲು ಬಂದವರು ತೋರಿಸಿದ್ದ ಡಿಸ್ಕು ಅದೇ. ಹಾಡುಗಳಿದ್ದುದು ಅದರಲ್ಲಿ. ಯಂತ್ರ ಒಂದು ಗಂಟೆಯಲ್ಲಿ ಏಳುತ್ತಿತ್ತು ನಿಜ. ಅದು ಯಾತಕ್ಕಾಗಿ ಏಳಬೇಕಾಗಿತ್ತೋ ಅದು ಮಾತ್ರ ಇರುತ್ತಿರಲಿಲ್ಲ.

ಕಾರಣ ತಿಳಿದ ಮೇಲೂ ವಿದ್ಯಾರ್ಥಿ ಯಂತ್ರದ ದುರಸ್ತಿಗೆ ಕೈಹಾಕಲಿಲ್ಲ. “ಮೊದಲು ಬರಹ, ಆಮೇಲೆ ಯಂತ್ರ” ಎಂದು, ಹಳೆಯ ಡಿಸ್ಕನ್ನು ಕಳಚಿ, ಒಂದು ವೈರಿನಿಂದ ತನ್ನ ಲ್ಯಾಪ್‌ಟಾಪಿಗೆ ಸೇರಿಸಿದ. ಫೈಲನ್ನು ತೆರೆದರೆ ತೆರೆಯ ತುಂಬ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ನನ್ನ ಎದೆ ಧಸಕ್ಕೆಂದಿತು. ಅವಳು ಟೈಪು ಮಾಡಿದ್ದು ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ. ಅವು ಅವನಲ್ಲಿ ಇರಲಿಲ್ಲ. ಅವನ್ನು ಹಾಕಿದೊಡನೆ ಸಾಲುಗಳು ಒಂದೊಂದಾಗಿ ಕನ್ನಡವಾದುವು. ಮೊದಲನೆಯದು ಹಸೆಗೆ ಕರೆಯುವ ಹಾಡು. ಅದನ್ನು ಎರಡು ಪೆನ್‌ಡ್ರೈವುಗಳಿಗೆ ಇಳಿಸಿ, ಒಂದನ್ನು ನನ್ನ ಕೈಯಲ್ಲಿಟ್ಟು, ಇನ್ನೊಂದನ್ನು ಬೇರೆ ಊರಿನಲ್ಲಿರುವ ಮಗನಿಗೆ ಕಳಿಸಿ ಎಂದ. ಆಮೇಲೆ ಹೊಸ ಬ್ಯಾಟರಿ ಕೂರಿಸಿ, ದಿನಾಂಕವನ್ನು ಸರಿಪಡಿಸಿ, ಪಟ್ಟಿಯಲ್ಲಿ ಹೊಸ ಡಿಸ್ಕನ್ನು ಮೇಲಕ್ಕೆ ತಂದು, ಗುಂಡಿ ಒತ್ತಿದ. ಯಂತ್ರ ಎಂದಿನಂತೆ ಎದ್ದಿತು.

ಎಲ್ಲ ಕತೆಗಳೂ ಹೀಗೆ ಮುಗಿಯುವುದಿಲ್ಲವೆಂಬುದನ್ನೂ ಹೇಳಬೇಕು. ತಿರುಗುವ ಡಿಸ್ಕಿನೊಳಗೆ ಟಕ್ ಟಕ್ ಎಂಬ ಸದ್ದು ಕೇಳಿದರೆ, ನಿಮಿಷಕ್ಕೆ 5400 ಅಥವಾ 7200 ಸಲ ಸುತ್ತುವ ಆ ತಟ್ಟೆಗಳಿಗೆ ಪ್ರತಿ ಪ್ರಯತ್ನವೂ ಹೊಸ ಗಾಯವಾಗಬಹುದು. ಒಡನೆಯೇ ಆರಿಸಿ ಬಲ್ಲವರಿಗೆ ಒಪ್ಪಿಸಬೇಕು. ಈಚಿನ ಎಸ್‌ಎಸ್‌ಡಿಗಳು ಸದ್ದನ್ನೇ ಮಾಡದೆ ಒಮ್ಮೆಗೇ ಸಾಯಬಲ್ಲವು. ಹೊಸ ಯಂತ್ರಗಳು ಕೆಲವು ಬರಹವನ್ನು ಗೂಢಲಿಪಿಯಲ್ಲಿ ಬೀಗ ಹಾಕಿ ಇಡುತ್ತವೆ. ಬೀಗದ ಸಂಖ್ಯೆ ನಮಗೆ ಸಿಗದಿದ್ದರೆ, ಡಿಸ್ಕನ್ನು ಕಳಚಿ ಬೇರೆಡೆ ಸೇರಿಸಿದರೂ ಓದಲಾಗುವುದಿಲ್ಲ. ಇವೆಲ್ಲಕ್ಕೂ ಮದ್ದು ಒಂದೇ: ಯಂತ್ರ ಚೆನ್ನಾಗಿರುವಾಗಲೇ ಮಾಡಿಟ್ಟ ಪ್ರತಿ.

ಆದುದರಿಂದ ತಮ್ಮ ಮನೆಯ ಕಂಪ್ಯೂಟರ್ ಒಂದು ಬೆಳಗ್ಗೆ ಏಳದಿದ್ದರೆ ಗಾಬರಿಯಾಗಬೇಡಿ. ತೆರೆಯ ಮೇಲಿನ ಸಾಲನ್ನು ಪೂರ್ತಿಯಾಗಿ ಓದಿ, ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಎಲ್ಲಿ ನಿಂತಿದೆ ಎಂದು ಕೇಳಿಕೊಳ್ಳಿ. ಅಳಿಸೋಣವೆಂದು ಯಾರಾದರೂ ಹೇಳಿದರೆ, ಬರಹವನ್ನು ಮೊದಲು ಹೊರಗೆ ತೆಗೆಯಿರಿ ಎನ್ನಿ. ಯಂತ್ರವನ್ನು ಇನ್ನೊಂದು ಕೊಳ್ಳಬಹುದು.

ಆ ಹಾಡುಗಳನ್ನು ನಾನೀಗ ದಿನಕ್ಕೆ ನಾಲ್ಕರಂತೆ ಹೊಸ ಯೂನಿಕೋಡ್ ಅಕ್ಷರಗಳಿಗೆ ಮಾರ್ಪಡಿಸಿ, ತಪ್ಪು ತಿದ್ದುತ್ತಿದ್ದೇನೆ. ಇಷ್ಟು ವರ್ಷ ಅವು ಇವೆಯೆಂಬ ಧೈರ್ಯದಲ್ಲಿ ಒಂದನ್ನೂ ಓದಿರಲಿಲ್ಲ.