ಬಿಳಿಗಿರಿಯ ಸೋಲಿಗರು: ಲೆಕ್ಕ ಹಾಕಿದಷ್ಟೂ ಬೆರಗು

2023ರ ಗಣತಿಯಲ್ಲಿ ಕರ್ನಾಟಕದ ಕಾಡುಗಳಲ್ಲಿ ಲೆಕ್ಕಕ್ಕೆ ಸಿಕ್ಕ ಆನೆಗಳು 6,395. ಸೊಂಡಿಲಿನಿಂದ ಬಾಲದವರೆಗೆ ಒಂದಕ್ಕೆ 6 ಮೀಟರ್ ಹಿಡಿಯಿರಿ, ಒಂದರ ಹಿಂದೆ ಒಂದು ನಿಲ್ಲಿಸಿ. 38 ಕಿಲೋಮೀಟರ್ ಸಾಲು! ಚಾಮರಾಜನಗರದಿಂದ ಗುಂಡ್ಲುಪೇಟೆಯವರೆಗೆ ರಸ್ತೆಯ ಮೇಲೆ ಆನೆಯೇ ಆನೆ. ಬಂಡೀಪುರ ಒಂದರಲ್ಲೇ 1,116. ಆ ಕಾಡೇನು ಸಣ್ಣದೇ? ಅಲ್ಲಿನ ರಾಷ್ಟ್ರೀಯ ಉದ್ಯಾನ 870 ಚದರ ಕಿಲೋಮೀಟರ್ ಮೀರಿದೆ. 741 ಚದರ ಕಿಲೋಮೀಟರಿನ ಬೃಹತ್ ಬೆಂಗಳೂರನ್ನು ಎತ್ತಿ ಒಳಗಿಟ್ಟರೂ ಜಾಗ ಉಳಿಯುತ್ತದೆ.

ಇನ್ನು ಬಂಡೀಪುರದಿಂದ ಪೂರ್ವಕ್ಕೆ ಹೋಗಿ, ಸೋಲಿಗರ ನೆಲೆಯಾದ ಬಿಳಿಗಿರಿರಂಗನ ಬೆಟ್ಟಕ್ಕೆ. ಭಾರ್ಗವಿ ಹೊಳೆಯ ದಂಡೆಯಲ್ಲಿ ದೊಡ್ಡ ಸಂಪಿಗೆ ನಿಂತಿದೆ. ಎತ್ತರ ಸುಮಾರು 34 ಮೀಟರ್, ಅಂದರೆ ಹನ್ನೊಂದು ಅಂತಸ್ತಿನ ಕಟ್ಟಡದಷ್ಟು. ಬುಡದಲ್ಲಿ ಕರಿಕಲ್ಲಿನ ಲಿಂಗಗಳು ಗುಂಪುಗುಂಪಾಗಿ ಕೂತಿವೆ, ಬೇರುಗಳು ಮನುಷ್ಯರ ಸೊಂಟದೆತ್ತರಕ್ಕೆ ಎದ್ದಿವೆ. ಮರಕ್ಕೆ ಆರುನೂರು ವರ್ಷ ಮೀರಿದೆ ಎಂಬುದು ಪ್ರತೀತಿ. ಹಾಗಿದ್ದರೆ ಹಂಪಿಯಲ್ಲಿ ಪ್ರೌಢದೇವರಾಯ ಆಳುತ್ತಿದ್ದಾಗಲೇ ಇದು ಬೇರುಬಿಟ್ಟಿತ್ತು!

ಬೆಟ್ಟದ ಆದಿವಾಸಿಗಳಾದ ಸೋಲಿಗರಿಗೆ ಈ ಮರ ದೇವರು. ದೇವರು ಇದೊಂದೇ ಎಂದುಕೊಳ್ಳಬೇಡಿ. ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂದು ಅವರು ಪೂಜಿಸುವ ತಾಣಗಳನ್ನು ಹಿರಿಯರ ಜೊತೆ ನಡೆದು ನಕ್ಷೆಗೆ ಇಳಿಸಿದಾಗ ಸಂಖ್ಯೆ ಐನೂರರ ಹತ್ತಿರ ಬಂತು. ಬೆಟ್ಟದ ಅಭಯಾರಣ್ಯದ ವಿಸ್ತಾರ 540 ಚದರ ಕಿಲೋಮೀಟರ್. ಹೆಚ್ಚುಕಡಿಮೆ ಚದರ ಕಿಲೋಮೀಟರಿಗೊಂದು ದೇವರ ತಾಣ! ಬೆಟ್ಟದ ಮೇಲಿನ ರಂಗಪ್ಪನಂತೂ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮದುವೆಯಾದವನು, ಅವರಿಗೆಲ್ಲ ಭಾವ.

ಇಷ್ಟು ದೇವರುಗಳ ಒಡನಾಡಿಗಳನ್ನೇ ಕಾಡಿಗೆ ಹೊರಗಿನವರು ಮಾಡಿದ್ದು ಒಂದು ಅಧಿಸೂಚನೆ. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಬೇಟೆ, ಕಾಡಿನೊಳಗಿನ ಬೇಸಾಯ ನಿಂತವು, ಪೋಡು ಎಂದು ಕರೆಯುವ ಸೋಲಿಗರ ಹಲವು ಹಾಡಿಗಳು ಎದ್ದು ಅಂಚಿಗೆ ಬಂದವು. ಬೇಸಿಗೆಯ ಮೊದಲಿಗೆ ನೆಲದ ಒಣಎಲೆಗೆ ಹಚ್ಚುತ್ತಿದ್ದ ತರಗುಬೆಂಕಿಯೂ ನಿಂತಿತು. ಆಮೇಲೇನಾಯಿತು ನೋಡಿ: 1997ರಲ್ಲಿ ಇಲ್ಲಿ ಎಣಿಸಿದ ಪ್ರತಿ 20 ಕಾಂಡಗಳಲ್ಲಿ ಲಂಟಾನ ಎಂಬ ಕಳೆ 1. 2008ರ ಹೊತ್ತಿಗೆ ಪ್ರತಿ 3ರಲ್ಲಿ 1! ಬೆಂಕಿ ನಿಂತರೆ ಲಂಟಾನ ಮೇಲೇಳುತ್ತದೆ ಎಂದು ಸೋಲಿಗರು ಹೇಳುತ್ತಲೇ ಇದ್ದರು. 2006ರಲ್ಲಿ ಮಾರಾಟಕ್ಕೆ ಜೇನು, ನೆಲ್ಲಿಕಾಯಿ ತರುವುದಕ್ಕೂ ತಡೆ ಬಿತ್ತು. ಆದರೆ ಅದೇ ವರ್ಷ ದೆಹಲಿಯಲ್ಲಿ, ಕಾಡಿನ ಜನರ ಹಕ್ಕನ್ನು ಒಪ್ಪುವ ಅರಣ್ಯಹಕ್ಕು ಕಾಯ್ದೆ ಪಾಸಾಯಿತು.

2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಇನ್ನು ಸೋಲಿಗರ ಕಥೆ ಮುಗಿಯಿತು ಎಂದುಕೊಂಡವರೇ ಹೆಚ್ಚು. ಆದರೆ ಅದೇ ವರ್ಷದ ಅಕ್ಟೋಬರ್ 2ರಂದು 25 ಪೋಡುಗಳ ಕೈಗೆ ಆ ಕಾಯ್ದೆಯಡಿ ಸಮುದಾಯ ಅರಣ್ಯಹಕ್ಕಿನ ಪತ್ರ ಬಂತು. ದೇಶದ ಯಾವ ಹುಲಿ ಕಾಡಿನಲ್ಲೂ ಅದಕ್ಕೆ ಮೊದಲು ಹೀಗೆ ಆಗಿರಲಿಲ್ಲ.

ಈ ಬೆಟ್ಟದ ಒಳಗೂ ಅಂಚಿನಲ್ಲೂ ಇರುವ ಸೋಲಿಗರು ಸುಮಾರು 16,000. ಹುಲಿಗಳು? 2010ರಲ್ಲಿ 35 ಎಂದು ಅಂದಾಜಿತ್ತು, 2014ರಲ್ಲಿ 68. ನಾಲ್ಕೇ ವರ್ಷದಲ್ಲಿ ಹೆಚ್ಚುಕಡಿಮೆ ಇಮ್ಮಡಿ, ಅದೂ ಜನ ಕಾಡಿನಲ್ಲಿ ಇರುವಾಗಲೇ! ಮನುಷ್ಯರನ್ನು ಎಬ್ಬಿಸದೆ ಹುಲಿ ಉಳಿಯದು ಎನ್ನುವವರು ಈ ಎರಡು ಅಂಕಿಗಳನ್ನು ಒಮ್ಮೆ ಅಕ್ಕಪಕ್ಕ ಬರೆದು ನೋಡಲಿ.