ಕರ್ಲು ಹಾಕೋಣವೋ, ಮಾಳಿಗೆ ಇಳಿಸೋಣವೋ?

ರಾಯದುರ್ಗ ಸೀಮೆಯ ಹಳ್ಳಿಗಳಲ್ಲಿ ಮುಂಗಾರಿಗೆ ಮುಂಚೆ ಎರಡು ಕೆಲಸ ತಪ್ಪುತ್ತಿರಲಿಲ್ಲ. ಒಂದು, ಹೊಲಕ್ಕೆ ಗೊಬ್ಬರ ಹೊಡೆಯುವುದು. ಇನ್ನೊಂದು, ಮಾಳಿಗೆಗೆ ಕರ್ಲು ಹೊಡೆಯುವುದು. ಕೆರೆಯ ಕೆಳಗಿನ ತಗ್ಗಿನಲ್ಲಿ ಬೇಸಿಗೆ ಬಂದರೆ ಬೂದಿ ಚೆಲ್ಲಿದ ಹಾಗೆ ಬೆಳ್ಳಗೆ ಉಬ್ಬುವ ಸವಳು ಮಣ್ಣಿಗೆ ನಾವು ಕರ್ಲು ಅನ್ನುತ್ತೇವೆ, ಪಕ್ಕದ ಮನೆಯ ತೆಲುಗರು ಚೌಡು ಅನ್ನುತ್ತಾರೆ. ನಮ್ಮ ಮಾಳಿಗೆ ಅವರಿಗೆ ಮಿದ್ದೆ, ನಮ್ಮ ತೊಲೆ ಅವರಿಗೆ ದೂಲಂ. ಸೋರಿದಾಗ ಮಾತ್ರ ಇಬ್ಬರದೂ ಒಂದೇ ಪಾಡು.

ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ ತಾಲ್ಲೂಕು 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು ತಾಲ್ಲೂಕುಗಳ ಜೊತೆ ಆಂಧ್ರಕ್ಕೆ ಸೇರಿತು. ಗಡಿ ಸರಿಯಿತು, ಮನೆ ಕಟ್ಟುವ ರೀತಿ ಸರಿಯಲಿಲ್ಲ. ಮೊಳಕಾಲ್ಮೂರು, ಚಳ್ಳಕೆರೆ ಕಡೆಯ ಹಳೆ ಮಾಳಿಗೆ ಮನೆಗೂ ನಮ್ಮದಕ್ಕೂ ಭೇದ ಕಾಣದು. ಕಂಬದ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಯಿಂದ ತೊಲೆಗೆ ಜಂತಿ, ಜಂತಿಗಳ ಮೇಲೆ ಒತ್ತೊತ್ತಾಗಿ ಸಣ್ಣ ಕಟ್ಟಿಗೆ. ಅದರ ಮೇಲೆ ಗುಡ್ಡದಿಂದ ತಂದ ಬಂದ್ರೆ ಸೊಪ್ಪೋ ತಂಗಡಿ ಸೊಪ್ಪೋ, ಸೊಪ್ಪಿನ ಮೇಲೆ ತುಳಿದ ಕೆಂಪು ಮಣ್ಣು, ಎಲ್ಲಕ್ಕೂ ಮೇಲೆ ಕರ್ಲು.

ಕರ್ಲಿನಲ್ಲಿ ಸೋಡಿಯಂ ಅಂಶ ಹೆಚ್ಚು. ನೀರು ಬಿದ್ದಾಗ ಅದರ ಜೇಡಿಯ ಕಣಗಳು ಬಿಡಿಬಿಡಿಯಾಗಿ ಉಬ್ಬಿ ಸಂದುಗಳನ್ನೆಲ್ಲ ಮುಚ್ಚುತ್ತವೆ. ನೀರು ಕೆಳಗಿಳಿಯದೆ ಮೇಲೆಯೇ ಹರಿದು ದೋಣಿಯಿಂದ ಬೀದಿಗೆ ಬೀಳುತ್ತದೆ. ಇದೇ ಗುಣದಿಂದ ಹೊಲದಲ್ಲಿ ಬೆಳೆಯ ಬೇರಿಗೆ ಉಸಿರಾಡಲು ಆಗುವುದಿಲ್ಲ. ಹೊಲಕ್ಕೆ ವೈರಿಯಾದದ್ದು ಮಾಳಿಗೆಗೆ ನೆಂಟ. ಈ ನೆಂಟನನ್ನು ಅತಿಯಾಗಿ ನಂಬಿ ನಾನು ಕೆಡುವುದರಲ್ಲಿದ್ದೆ.

ಅನಂತಪುರ ಜಿಲ್ಲೆಯಲ್ಲಿ ವರ್ಷದ ಸರಾಸರಿ ಮಳೆ 550 ಮಿಲಿಮೀಟರಿನ ಆಸುಪಾಸು. ಬಿರುಮಳೆ ಒಂದು ತಾಸು ಸುರಿದು ಹೋದರೆ ಮಾಳಿಗೆ ತಡೆಯುತ್ತದೆ. ಅದು ತಡೆಯದಿರುವುದು ಹಗಲೂ ರಾತ್ರಿ ಹಿಡಿದ ಜಡಿಮಳೆಯನ್ನು. 2021ರ ನವೆಂಬರಿನಲ್ಲಿ ರಾಯಲಸೀಮೆಗೆ ಅಂಥ ಮಳೆ ಬಂತು. ನಮ್ಮ ನಡುಮನೆಯಲ್ಲಿ ನಾಲ್ಕು ಕಡೆ ಪಾತ್ರೆ ಇಟ್ಟೆವು. ಎಂಬತ್ತು ದಾಟಿದ ಅವ್ವನ ಹಾಸಿಗೆಯನ್ನು ಒಂದೇ ರಾತ್ರಿ ಮೂರು ಸಲ ಸರಿಸಿದೆವು. ಮಳೆ ನಿಂತ ಮೇಲೆ ಮಾಡಿದ್ದೇನು? ಅಪ್ಪ ಮಾಡುತ್ತಿದ್ದುದನ್ನೇ. ಒಂದು ಟ್ರಾಕ್ಟರು ಕರ್ಲು ತರಿಸಿ ಹರಡಿದೆ. ಮರುವರ್ಷ ಮತ್ತೊಂದು. ‘ಸಣ್ಣ ರಿಪೇರಿ, ಮನೆಯವರೇ ಮಾಡಿಕೊಂಡೆವು’ ಅಂತ ಸಮಾಧಾನ ಬೇರೆ.

ಆಮೇಲೆ ಒಂದು ಬೇಸಿಗೆ. ಸೋರುವ ಮಾತೇ ಇಲ್ಲ. ಆದರೂ ನಡುಮನೆಯಿಂದ ಹಿಂದಿನ ಕೋಣೆಗೆ ಹೋಗುವ ಬಾಗಿಲು ಚೌಕಟ್ಟಿಗೆ ಹಿಡಿಯತೊಡಗಿತು. ಬಾಗಿಲೇ ಉಬ್ಬಿದೆ ಅಂದುಕೊಂಡು ಬಡಗಿಯನ್ನು ಕರೆಸಿದೆ. ಅವನು ಬಾಗಿಲು ಮುಟ್ಟಲೇ ಇಲ್ಲ. ಮೇಲೆ ನೋಡಿದ, ನಿಚ್ಚಣಿಕೆ ಕೇಳಿದ, ತೊಲೆಯ ತುದಿ ಗೋಡೆಯೊಳಗೆ ಹೋಗುವ ಜಾಗದಲ್ಲಿ ಉಳಿ ಇಟ್ಟು ಒತ್ತಿದ. ಸುತ್ತಿಗೆ ಬೇಕಾಗಲಿಲ್ಲ. ಉಳಿ ಹಿಡಿಯವರೆಗೂ ಇಳಿಯಿತು.

“ಅನ್ನಾ, ದೂಲಂ ಲೋಪಲ ಅಂತಾ ಗುಲ್ಲ” ಅಂದ. ತೊಲೆ ಒಳಗೆಲ್ಲ ಟೊಳ್ಳು ಅಂತ. ಹೊರಗೆ ಎಣ್ಣೆ ಹಚ್ಚಿದ ಹಾಗೆ ಮಿರುಗುತ್ತಿದ್ದ ತೊಲೆ ಅದು.

ಮಾಳಿಗೆ ಹತ್ತಿ ಆ ಅಂಕಣದಲ್ಲಿ ಗುಂಡಿ ತೋಡಿದೆವು. ಸೊಪ್ಪು ಸಿಗುವ ಹೊತ್ತಿಗೆ ಹದಿನೈದು ಅಂಗುಲ ಇಳಿದಿದ್ದೆವು. ಗುಂಡಿಯ ಮೈಯಲ್ಲಿ ಬಿಳಿ, ಕೆಂಪು, ಬೂದು, ಮತ್ತೆ ಬಿಳಿ ಅಂತ ಪದರಗಳು ಕಂಡವು. ಅಜ್ಜ ಹಾಕಿದ್ದು ಕೆಳಗಿನ ಒಂದು ಗೇಣು, ಅಂದರೆ ಒಂಬತ್ತು ಅಂಗುಲ. ಮೇಲಿನ ಆರು ಅಂಗುಲ ಅಪ್ಪನ ಮತ್ತು ನನ್ನ ರಿಪೇರಿ.

ಎಸ್ಸೆಸ್ಸೆಲ್ಸಿಯಲ್ಲಿ ಕಲಿತ ಲೆಕ್ಕ ಅಲ್ಲೇ ಕೂತು ಹಾಕಿದೆ. ಒಂದು ಚದರ ಅಂದರೆ 100 ಚದರ ಅಡಿ. ಅದರ ಮೇಲೆ ಆರು ಅಂಗುಲ ಮಣ್ಣು ಅಂದರೆ 50 ಘನ ಅಡಿ. ಒಂದು ಘನ ಅಡಿ ಒಣಮಣ್ಣು ಹೆಚ್ಚುಕಡಿಮೆ 45 ಕೆ.ಜಿ. ಅಂದರೆ ಒಂದೊಂದು ಚದರದ ಮೇಲೆ ಇಪ್ಪತ್ತೆರಡು ಕ್ವಿಂಟಾಲಿಗೂ ಮೀರಿ, 45 ಸಿಮೆಂಟ್ ಚೀಲ ಪೇರಿಸಿದಷ್ಟು ಹೆಚ್ಚುವರಿ ಭಾರ. ನೆನೆದರೆ ಇನ್ನೂ ಜಾಸ್ತಿ. ಸೋರಿದ ನೀರು ತೊಲೆಯ ತುದಿಯನ್ನು ಮೆತ್ತಗೆ ಮಾಡಿತ್ತು, ಗೆದ್ದಲು ತಿಂದಿತ್ತು, ಅದರ ಮೇಲೆ ನಾವು ವರ್ಷವರ್ಷವೂ ಭಾರ ಹೇರಿದ್ದೆವು. ಮನೆ ಉಳಿಸುತ್ತೇವೆಂದು ಮಾಡಿದ್ದೇ ಮನೆ ಬೀಳಿಸುವ ಕೆಲಸವಾಗಿತ್ತು. ಆ ಗಂಟಲೊಣಗುವ ಬಿಸಿಲಲ್ಲಿ ನನಗೆ ಮೈ ನಡುಗಿತು. ಆ ತೊಲೆಯ ಕೆಳಗೇ ಅವ್ವ ಮಲಗುತ್ತಿದ್ದದ್ದು.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನಿಗೆ ಫೋನು ಮಾಡಿದೆ. “ಅಪ್ಪಾ, ಇನ್ನೇನ್ ಯೋಚ್ನೆ? ಎಲ್ಲಾ ಕಿತ್ತಾಕಿ ಸ್ಲ್ಯಾಬ್ ಹಾಕ್ಸಿಬಿಡಾನ” ಅಂದ. ಅವ್ವ ಕೇಳಿಸಿಕೊಂಡು, “ಸ್ಲ್ಯಾಬ್ ಮನಿಯಾಗ ಬ್ಯಾಸಿಗೀಗೆ ನಾನು ಮಲಗಾಕಿಲ್ಲಪ್ಪ. ಈ ತಂಪು ಎಲ್ಲಿಂದ ತರ್ತೀಯ?” ಅಂದಳು. ಇಬ್ಬರ ಮಾತೂ ಸುಳ್ಳಲ್ಲ. ಗೇಣು ಮಣ್ಣು ಹಗಲಿನ ಬಿಸಿಲನ್ನು ಒಳಗೆ ಬಿಡುವುದು ಬಹಳ ತಡ. ಐದು ಅಂಗುಲದ ಕಾಂಕ್ರೀಟು ಸಂಜೆಗೇ ಕಾದ ಹೆಂಚಿನ ಹಾಗೆ ಕೆಳಗೆ ಉಗಿಯುತ್ತದೆ.

ಸ್ಲ್ಯಾಬು ಭಾರ, ಮಣ್ಣಿನ ಮನೆ ತಡೆಯದು ಅನ್ನುವವರಿದ್ದಾರೆ. ಲೆಕ್ಕ ಹಾಗಿಲ್ಲ. ಐದು ಅಂಗುಲದ ಸ್ಲ್ಯಾಬು ಚದರಕ್ಕೆ ಸುಮಾರು 30 ಕ್ವಿಂಟಾಲು. ನನ್ನ ಹದಿನೈದು ಅಂಗುಲದ ಮಾಳಿಗೆ ಅದರ ಹತ್ತಿರ ಹತ್ತಿರ ಎರಡರಷ್ಟು. ತೊಡಕಿರುವುದು ಬೇರೆ ಕಡೆ. ನಮ್ಮ ಮನೆಗಳಲ್ಲಿ ಭಾರ ಹೊರುವುದು ಹೆಚ್ಚಾಗಿ ಮರದ ಕಂಬ. ಗೋಡೆ ಮಣ್ಣಿನ ಗಾರೆಯಲ್ಲಿ ಕಟ್ಟಿದ ಕಲ್ಲು. ಸ್ಲ್ಯಾಬು ಬೇಕೆಂದರೆ ಪಾಯದಿಂದ ಪಿಲ್ಲರು ಏಳಬೇಕು. ಅಂದರೆ ಮಾಳಿಗೆ ಬದಲಿಸುವುದಲ್ಲ, ಮನೆಯನ್ನೇ ಬದಲಿಸುವುದು. ಶೇಂಗಾ ಕೈಕೊಟ್ಟ ವರ್ಷ ಅಷ್ಟು ಸಾಲ ಹೊರುವ ಶಕ್ತಿ ನನಗಿರಲಿಲ್ಲ.

ಮಧ್ಯದ ದಾರಿಗಳನ್ನೂ ಊರವರು ಹೇಳಿದರು. ಕರ್ಲಿನ ಮೇಲೆ ಸಿಮೆಂಟು ಸವರು ಅಂದರು. ಮಣ್ಣು ನೆನೆದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಸಿಮೆಂಟು ಅದರ ಜೊತೆ ಹಿಗ್ಗದೆ ಬಿರಿಯುತ್ತದೆ. ಬಿರುಕಿನಲ್ಲಿ ಇಳಿದ ನೀರು ಒಣಗಲು ದಾರಿ ಇಲ್ಲ. ಪ್ಲಾಸ್ಟಿಕ್ ತಾಡಪಾಲು ಹೊದಿಸಿದರೂ ಅಷ್ಟೇ, ಮಳೆಗಾಲಕ್ಕೆ ಸರಿ, ವರ್ಷವಿಡೀ ಬಿಟ್ಟರೆ ಒಳಗಿನ ಹಸಿ ಒಳಗೇ ನಿಂತು ಮರ ಕೊಳೆಯುತ್ತದೆ.

ಕೊನೆಗೆ ಬಡಗಿಯ ಜೊತೆ ಒಂದೊಂದೇ ಅಂಕಣ ನೋಡುತ್ತಾ ಹೋದೆ. ಸೋರುವುದೆಲ್ಲಿ ಅಂತ ನೋಡಲಿಲ್ಲ, ಮರ ಹೇಗಿದೆ ಅಂತ ನೋಡಿದೆವು. ತೊಲೆ ಗಟ್ಟಿ, ಜಂತಿ ನೆಟ್ಟಗೆ, ಮಣ್ಣು ಗೇಣಿನೊಳಗೆ ಇದ್ದರೆ ಸೋರುವ ಜಾಗಕ್ಕೆ ಕರ್ಲು ಸಾಕು, ದೋಣಿಯ ಕಡೆ ಇಳಿಜಾರು ಸರಿಮಾಡಿದರೆ ಆಯಿತು. ತೊಲೆಯ ತುದಿ ಟೊಳ್ಳಾಗಿದ್ದರೆ, ಜಂತಿ ಬಾಗಿದ್ದರೆ, ಕೆಳಗೆ ದಿನಾ ಬೆಳಿಗ್ಗೆ ಮರದ ಪುಡಿ ಉದುರುತ್ತಿದ್ದರೆ, ಮೇಲೆ ಎಕ್ಕವೋ ಜಾಲಿಯೋ ಬೇರು ಬಿಟ್ಟಿದ್ದರೆ ಒಂದು ಬುಟ್ಟಿ ಮಣ್ಣೂ ಹಾಕಬಾರದು. ಇಳಿಸಲೇಬೇಕು.

ಹಿಂದಿನ ಕೋಣೆಯ ಮಾಳಿಗೆಯನ್ನು ಪೂರ್ತಿ ತೆಗೆದು ತಗಡು ಹಾಕಿಸಿದೆ. ಅಲ್ಲಿ ಈಗ ಕಾಳಿನ ಚೀಲ ಇರುತ್ತವೆ, ಯಾರೂ ಮಲಗುವುದಿಲ್ಲ. ಕೆಟ್ಟ ತೊಲೆಯಿದ್ದ ಅಂಕಣದ ಕೆಳಗೆ ಮೊದಲು ಮರದ ಊರೆ ಕೊಟ್ಟು, ಆಮೇಲೆ ನಡುಮನೆಯ ಮಣ್ಣನ್ನೆಲ್ಲ ಸೊಪ್ಪಿನವರೆಗೂ ಇಳಿಸಿದೆವು. ಒಂದು ಕಡೆಯಿಂದಲೇ ಇಳಿಸಿದರೆ ಭಾರ ವಾಲುತ್ತದೆಂದು ನಾಲ್ಕೂ ಕಡೆಯಿಂದ ಸಮನಾಗಿ ಕೆರೆದೆವು. ಆ ತೊಲೆ ಬದಲಾಯಿತು, ಮೂರು ಜಂತಿ ಬದಲಾದವು. ಅಜ್ಜ ಸೊಂಡೂರು ಕಡೆಯಿಂದ ಬಂಡಿಯಲ್ಲಿ ತಂದನೆಂದು ಅವ್ವ ಹೇಳುವ ಉಳಿದ ತೊಲೆಗಳಿಗೆ ಉಳಿ ಇಳಿಯಲಿಲ್ಲ. ಹೊಸ ಸೊಪ್ಪು, ಹೊಸ ಕೆಂಪು ಮಣ್ಣು, ಮೇಲೆ ಎರಡು ಅಂಗುಲ ಕರ್ಲು. ಒಟ್ಟು ಗೇಣು ಮೀರಲಿಲ್ಲ. ಇಳಿಸಿದ ಮಣ್ಣಿನಲ್ಲಿ ಕರ್ಲು ಬೆರೆತಿತ್ತು, ಹೊಲಕ್ಕೆ ಹಾಕದೆ ಬಂಡಿದಾರಿಯ ಕೊರಕಲಿಗೆ ಸುರಿದೆವು.

ಮಗ ಹಬ್ಬಕ್ಕೆ ಬಂದವನು ಮಾಳಿಗೆ ಹತ್ತಿ ನೋಡಿ, “ಚೆನ್ನಾಗೈತೆ. ಆದ್ರೆ ಅಪ್ಪಾ, ನಿನ್ ಕಾಲ ಆದ್ಮೇಲೆ ಇದನ್ನ ನೋಡೋರ್ಯಾರು?” ಅಂದ. ನ್ಯಾಯವಾದ ಪ್ರಶ್ನೆ. ಕರ್ಲು ತುಳಿಯಲು ಬಲ್ಲವರು ಊರಲ್ಲಿ ಕೈಬೆರಳೆಣಿಕೆಯಷ್ಟು ಉಳಿದಿದ್ದಾರೆ. ಕರ್ಲಿನ ತಗ್ಗಿನಲ್ಲಿ ಜಾಲಿ ಬೆಳೆದು ಟ್ರಾಕ್ಟರು ಇಳಿಯುವುದೇ ಕಷ್ಟವಾಗಿದೆ. ಮುಂದೆ ಅವನು ಸ್ಲ್ಯಾಬು ಹಾಕಿಸಿದರೆ ನನ್ನ ತಕರಾರಿಲ್ಲ. ಆದರೆ ಅದು ಪಾಯ ನೋಡಿ ತೀರ್ಮಾನಿಸಿದ್ದಾಗಲಿ, ಸೋರಿದ ರಾತ್ರಿಯ ಸಿಟ್ಟಿನಲ್ಲಿ ಬೇಡ.

ಅಲ್ಲಿಯವರೆಗೆ ಒಂದು ಕೆಲಸ ಮಾಡಿದ್ದೇನೆ. ಮಾಳಿಗೆ ಮೇಲಿನ ಮೋಟು ಗೋಡೆಗೆ ಗೇಣಿನ ಅಳತೆಯಲ್ಲಿ ಕೆಂಪು ಬಣ್ಣದ ಗೀಟು ಎಳೆದು, ‘ಮಣ್ಣು ಇದನ್ನು ದಾಟಿದರೆ ಮೊದಲು ಕೆರೆದು ತೆಗೆಯಿರಿ, ಆಮೇಲೆ ಹಾಕಿರಿ’ ಎಂದು ಬರೆದಿದ್ದೇನೆ. ಮೊಮ್ಮಕ್ಕಳ ಶಾಲೆ ಯಾವ ಭಾಷೆಯದಾಗುತ್ತದೋ, ಕೂಲಿಗೆ ಬರುವವರು ಯಾವ ಲಿಪಿ ಓದುತ್ತಾರೋ ಹೇಳಲಾಗದು. ಅದಕ್ಕೇ ಮೇಲೆ ಕನ್ನಡದಲ್ಲಿ, ಕೆಳಗೆ ತೆಲುಗಿನಲ್ಲಿ ಬರೆದೆ. ಗೀಟು ಮಾತ್ರ ಒಂದೇ.