ಒಂದೇ ಹಾಡಿಗೆ ಎರಡು ಸಲ ದುಡ್ಡು

ನಮ್ಮ ವಾಚನಾಲಯದ ಮೂಲೆಯ ಕಪಾಟಿನಲ್ಲಿ ಪುಸ್ತಕಗಳ ಪಕ್ಕಕ್ಕೆ ಗ್ರಾಮಾಫೋನ್ ಪ್ಲೇಟುಗಳ ಸಾಲೊಂದು ಇರುವುದನ್ನು ಓದುಗರು ಬಲ್ಲರು. ಈ ಸಂಗ್ರಹ ಬೆಳೆದದ್ದು ಎರಡು ಊರುಗಳ ದುಡಿಮೆಯಿಂದ. ನಾಸಿಕದ ಹಳೆಯ ಸಾಮಾನಿನ ಅಂಗಡಿಗಳ ಮೇಲೆ ನಾವು ಕಣ್ಣಿಟ್ಟಿದ್ದರೆ, ಛತ್ರಪತಿ ಸಂಭಾಜಿನಗರದಲ್ಲಿರುವ ನಮ್ಮ ಸದಸ್ಯರು ಅಲ್ಲಿಯವುಗಳ ಮೇಲೆ ಕಣ್ಣಿಟ್ಟಿರುತ್ತಾರೆ. ಸಿಕ್ಕಿದ್ದನ್ನು, ಮನಮಾಡದ ಮೇಲೆ ರೈಲಿನಲ್ಲಿ ಬರುವವರು ಬಟ್ಟೆಯಲ್ಲಿ ಸುತ್ತಿ ತಂದುಕೊಡುತ್ತಾರೆ. ಇಲ್ಲಿಯ ಅಂಗಡಿಕಾರರು ಇವುಗಳನ್ನು ‘ತಬಕಡಿ’ ಎನ್ನುವರು. ನಮ್ಮ ಹಿರಿಯರ ಬಾಯಲ್ಲಿ ಅದು ‘ಪ್ಲೇಟು’. ನಾವೂ ಹಾಗೆಯೇ ಬರೆಯುತ್ತೇವೆ.

ಹೋದ ವರ್ಷ ನಾವು ಮಾಡಿಕೊಂಡ ಒಂದು ಎಡವಟ್ಟನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ. ಹಣ ಸಾರ್ವಜನಿಕರದು, ಆದ್ದರಿಂದ ಲೆಕ್ಕ ಹೇಳುವುದೂ ನಮ್ಮ ಕರ್ತವ್ಯ.

ಖಾನ್ ಸಾಹೇಬ ಅಬ್ದುಲ್ ಕರೀಂ ಖಾನರ (1872–1937) ನಾಲ್ಕು ಪ್ಲೇಟುಗಳು ನಮ್ಮಲ್ಲಿ ಮೊದಲಿನಿಂದ ಇದ್ದವು. ಮಿರಜಿನಲ್ಲಿ ನೆಲೆಸಿದ್ದ ಈ ಗಾಯಕರು ಕುಂದಗೋಳದ ಸವಾಯಿ ಗಂಧರ್ವರ ಗುರುಗಳು; ಗದುಗಿನ ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಸಂಗೀತದ ಹುಚ್ಚು ಹತ್ತಿಸಿಕೊಂಡದ್ದೂ ಇವರ ಒಂದು ಪ್ಲೇಟಿನಿಂದ. ಸಂಭಾಜಿನಗರದ ಸದಸ್ಯರಿಗೆ ಅದೇ ಗಾಯಕರ ಒಂದು ಎಲ್‌ಪಿ ಸಿಕ್ಕಿತು. ಒಂಬೈನೂರು ರೂಪಾಯಿ ಕೊಟ್ಟು ಕೊಂಡರು. ತಂದು ಹಾಕಿ ಕೇಳಿದರೆ, ಒಂದಾದ ಮೇಲೊಂದು ನಮಗೆ ಪರಿಚಯದ ಚೀಜುಗಳೇ! ಇದ್ದ ಹಾಡಿಗೇ ಮತ್ತೆ ದುಡ್ಡು ತೆತ್ತಿದ್ದೆವು. ಅದಕ್ಕಿಂತ ದೊಡ್ಡ ತಪ್ಪು ಮುಂದಿನದು. “ಎಲ್ಲ ಎಲ್‌ಪಿಯಲ್ಲಿಯೇ ಬಂತಲ್ಲ, ಹಳೆಯವೇಕೆ?” ಎಂದು ನಾಲ್ಕೂ ಪ್ಲೇಟುಗಳನ್ನು ಒಬ್ಬ ವ್ಯಾಪಾರಿಗೆ ಬದಲಿಗೆ ಕೊಟ್ಟುಬಿಟ್ಟೆವು.

ಧಾರವಾಡದ ಕಡೆಯ ಹಿರಿಯರೊಬ್ಬರು ಪ್ರತಿ ಗುರುವಾರ ಸಂಜೆ ಬಂದು ಆ ಪ್ಲೇಟುಗಳಲ್ಲೊಂದನ್ನು ಕೇಳಿ ಹೋಗುತ್ತಿದ್ದರು. ಅವರ ತಂದೆಯವರ ಮನೆಯಲ್ಲಿ ಅದೇ ಪ್ಲೇಟು ಇದ್ದಿತಂತೆ. ಅವರಿಗೆ ಬೇಕಾದದ್ದು ಅದರ ಹಿಂಬದಿ. ಎಲ್‌ಪಿಯನ್ನು ಎರಡೂ ಮೈ ತಿರುಗಿಸಿ ಹಾಕಿದೆವು. ಮುಂಬದಿಯ ಠುಮರಿ ಇತ್ತು, ಹಿಂಬದಿಯ ಖ್ಯಾಲು ಇರಲಿಲ್ಲ. ಮರುದಿನ ವ್ಯಾಪಾರಿಯಲ್ಲಿಗೆ ಓಡಿದೆವು. ಪ್ಲೇಟು ಆಗಲೇ ಪುಣೆಯ ಯಾರದೋ ಕೈಸೇರಿತ್ತು. “ಇರಲಿ ಬಿಡ್ರಿ, ನನಗ ನೆನಪದ” ಎಂದರು ಹಿರಿಯರು. ಈಗಲೂ ಗುರುವಾರ ಬರುತ್ತಾರೆ; ಪತ್ರಿಕೆ ಓದಿ ಎದ್ದು ಹೋಗುತ್ತಾರೆ.

ಹೀಗೇಕಾಯಿತು? ವಿಚಾರ ಮಾಡಿ ನೋಡಿದಾಗ ಎರಡು ತಪ್ಪುಗಳಿಗೂ ಮೂಲ ಒಂದೇ ಎಂದು ತಿಳಿಯಿತು: ಲೇಬಲ್ಲಿನ ಮೇಲಿನ ಹೆಸರನ್ನಷ್ಟೇ ಓದಿದೆವು, ಪ್ಲೇಟನ್ನು ಓದಲಿಲ್ಲ.

ಮೊದಲು ಪ್ಲೇಟಿನ ಚರಿತ್ರೆಯನ್ನು ತುಸು ನೋಡೋಣ. ಗ್ರಾಮಾಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲಕತ್ತೆಗೆ ಬಂದು ಗೌಹರ್ ಜಾನ್ ಮೊದಲಾದವರ ಹಾಡುಗಳನ್ನು ಮುದ್ರಿಸಿಕೊಂಡದ್ದು 1902ರಲ್ಲಿ. ನಿಮಿಷಕ್ಕೆ 78 ಸುತ್ತು ತಿರುಗುವ, ಅರಗು ಬೆರೆತ ಆ ಕಪ್ಪು ಪ್ಲೇಟಿನ ಹತ್ತಂಗುಲದ ಒಂದು ಮೈಯಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು ಮಾತ್ರ. ನಿಮಿಷಕ್ಕೆ ಮೂವತ್ತಮೂರೂ ಚಿಲ್ಲರೆ ಸುತ್ತಿನ ಎಲ್‌ಪಿ ಅಮೆರಿಕದಲ್ಲಿ ಹೊರಬಂದದ್ದು 1948ರಲ್ಲಿ. ಅದರ ಒಂದು ಮೈಯಲ್ಲಿ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಸಂಗೀತ ಹಿಡಿಯಿತು. ಆಗ ಕಂಪನಿಗಳು ತಮ್ಮ ಬಳಿಯಿದ್ದ ಹಳೆಯ ಮೂರು ಮೂರು ನಿಮಿಷದ ಹಾಡುಗಳನ್ನು ಆಯ್ದು, ಒಂದು ಎಲ್‌ಪಿಯಲ್ಲಿ ಹನ್ನೆರಡರಂತೆ ಸೇರಿಸಿ ಮಾರತೊಡಗಿದವು. ನಮ್ಮ ನಾಸಿಕದಲ್ಲಿಯೇ 1921ರಲ್ಲಿ ಹುಟ್ಟಿದ ದ. ವಿ. ಪಲುಸ್ಕರರು 1955ರಲ್ಲಿ, ಮೂವತ್ತನಾಲ್ಕರ ವಯಸ್ಸಿಗೇ ತೀರಿಕೊಂಡರು. ಅವರು ಹಾಡಿದ್ದು 78ರ ಕಾಲದಲ್ಲಿ. ಮುಂದಿನ ತಲೆಮಾರಿನವರು ಅವರನ್ನು ಕೇಳಿದ್ದು ಬಹುಮಟ್ಟಿಗೆ ಎಲ್‌ಪಿ, ಕ್ಯಾಸೆಟ್ಟುಗಳಲ್ಲಿ. ಹೊದಿಕೆ ಹೊಸದು, ಚಿತ್ರ ಹೊಸದು, ನಂಬರೂ ಹೊಸದು. ಒಳಗಿನ ದನಿ ಮಾತ್ರ ಹಳೆಯದೇ. ಇದರಲ್ಲಿ ಮೋಸವೇನೂ ಇಲ್ಲ. ಆದರೆ ಎರಡನ್ನೂ ಕೊಂಡವನ ಜೇಬಿಗೆ ಎರಡು ಸಲ ಕತ್ತರಿ.

ಇದನ್ನು ಗುರುತಿಸುವ ಸುಲಭದ ಉಪಾಯ ಗಡಿಯಾರ. ಎಲ್‌ಪಿಯ ಬೆನ್ನ ಮೇಲಿನ ಒಂದೊಂದು ಹಾಡೂ ಮೂರು ನಿಮಿಷದ ಆಸುಪಾಸಿನದಾದರೆ, ಅವು 78ರಿಂದ ಬಂದವೆಂದು ಸಂಶಯಪಡಬೇಕು. ಒಂದೇ ರಾಗ ಇಪ್ಪತ್ತು ನಿಮಿಷ ಹರಡಿಕೊಂಡಿದ್ದರೆ ಅದು ಬೇರೆಯ ಮುದ್ರಣವೇ ಸರಿ. ಗಾಯಕರೊಬ್ಬರು ಅದೇ ರಾಗವನ್ನು ಯೌವನದಲ್ಲಿ ಮೂರು ನಿಮಿಷಕ್ಕೂ ಮುಪ್ಪಿನಲ್ಲಿ ಇಪ್ಪತ್ತು ನಿಮಿಷಕ್ಕೂ ಹಾಡಿದ್ದರೆ, ಅವೆರಡೂ ನಮಗೆ ಬೇಕು. ಅದನ್ನು ‘ಜೋಡಿ’ ಎಂದು ಬಿಟ್ಟವನು ನಷ್ಟಪಟ್ಟಂತೆ.

ಇನ್ನು ಹೆಸರಿನ ತೊಡಕು. ನಮ್ಮ ಗಂಗೂಬಾಯಿ ಹಾನಗಲ್ಲರ (1913–2009) ಮೊದಮೊದಲ ಪ್ಲೇಟುಗಳು ಬಂದದ್ದು ‘ಗಾಂಧಾರಿ’ ಎಂಬ ಹೆಸರಿನಲ್ಲಿ. 1949ರ ‘ಮಹಲ್’ ಚಿತ್ರದ ಹೆಸರಾಂತ ಹಾಡಿನ ಪ್ಲೇಟಿನ ಮೇಲೆ ಲತಾ ಮಂಗೇಶಕರರ ಹೆಸರೇ ಇರಲಿಲ್ಲ. ಪಾತ್ರದ ಹೆಸರಾದ ‘ಕಾಮಿನಿ’ ಎಂದಿತ್ತು. ಸವಾಯಿ ಗಂಧರ್ವರು ಒಬ್ಬರ ಬಾಯಲ್ಲಿ ರಾಮಭಾವು ಕುಂದಗೋಳಕರ, ಇನ್ನೊಬ್ಬರ ಪಟ್ಟಿಯಲ್ಲಿ ‘ಸ’ ಅಕ್ಷರದ ಕೆಳಗೆ. ರಾಗದ ಹೆಸರೂ ಹಾಗೆಯೇ: ಒಂದೆಡೆ ಭೀಮಪಲಾಸ್, ಇನ್ನೊಂದೆಡೆ ಭೀಮಪಲಾಸಿ. ಇಂಗ್ಲಿಷ್ ಅಕ್ಷರಗಳಲ್ಲಂತೂ ಬರೆದವರು ಬರೆದಂತೆ. ಒಬ್ಬರೇ ಗಾಯಕರು ನಮ್ಮ ಪಟ್ಟಿಯಲ್ಲಿ ಇಬ್ಬರಾದರೆ, ಇದ್ದ ಪ್ಲೇಟು ಇಲ್ಲವೆಂದು ತೋರುತ್ತದೆ, ಮತ್ತೆ ಕೊಳ್ಳುತ್ತೇವೆ.

ಇದರ ತದ್ವಿರುದ್ಧದ ವಿನೋದವೂ ನಮ್ಮಲ್ಲಿ ಆಯಿತು. ಔರಂಗಾಬಾದಿಗೆ 2023ರಲ್ಲಿ ಛತ್ರಪತಿ ಸಂಭಾಜಿನಗರವೆಂಬ ಹೆಸರು ಅಧಿಕೃತವಾದ ಮೇಲೆ, ಹೊಸ ವಹಿಯಲ್ಲಿ ಆ ಹೆಸರಿನ ಕೆಳಗೆ ಅಲ್ಲಿಯ ಪ್ಲೇಟುಗಳನ್ನು ಬರೆದೆವು. ಹಳೆಯ ಹೆಸರಿನ ಪಟ್ಟಿಯನ್ನು ಹೊಡೆದುಹಾಕಲು ಮರೆತೆವು. ಒಂದು ತಿಂಗಳ ಕಾಲ ನಮ್ಮಲ್ಲಿ ಇಲ್ಲದ ಪ್ಲೇಟುಗಳೆಲ್ಲ ‘ಜೋಡಿ’ ಎಂದು ಕಾಣುತ್ತಿದ್ದವು!

ಹಾಗಾದರೆ ನಂಬತಕ್ಕ ಗುರುತು ಯಾವುದು? ಪ್ಲೇಟಿನ ಮೇಲೆ ಸಾಮಾನ್ಯವಾಗಿ ಎರಡು ಬಗೆಯ ಸಂಖ್ಯೆಗಳಿರುತ್ತವೆ. ಲೇಬಲ್ಲಿನ ಮೇಲೆ ಅಚ್ಚಾದದ್ದು ಪಟ್ಟಿಯ ಸಂಖ್ಯೆ, ಅಂದರೆ ಅಂಗಡಿಯ ಸಂಖ್ಯೆ. ಅದು ಎರಡೂ ಮೈಗಳಿಗೆ ಸೇರಿ ಒಂದೇ ಇರುವುದು ರೂಢಿ. ಹಾಡಿನ ಗೆರೆಗಳು ಮುಗಿದು ಲೇಬಲ್ಲು ಶುರುವಾಗುವ ನಡುವಿನ ನುಣುಪು ಜಾಗದಲ್ಲಿ ಇನ್ನೊಂದು ಸಂಖ್ಯೆ ಒತ್ತಿರುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುವುದು. ಇದು ಮ್ಯಾಟ್ರಿಕ್ಸ್ ಸಂಖ್ಯೆ, ಅಂದರೆ ಆ ಮುದ್ರಣದ್ದೇ ಸಂಖ್ಯೆ. ಒಂದೊಂದು ಮೈಗೆ ಒಂದೊಂದು. ಪಟ್ಟಿಯ ಸಂಖ್ಯೆ ಬದಲಾಗಿ, ಮ್ಯಾಟ್ರಿಕ್ಸ್ ಸಂಖ್ಯೆ ಒಂದೇ ಇದ್ದರೆ ಹಾಡು ಅದೇ. ಹಾಡಿನ ಹೆಸರು ಒಂದೇ ಇದ್ದು ಮ್ಯಾಟ್ರಿಕ್ಸ್ ಸಂಖ್ಯೆ ಬೇರೆಯಾದರೆ, ಗಾಯಕರು ಬೇರೊಮ್ಮೆ ಹಾಡಿದ್ದಿರಬೇಕು, ಕೇಳಿ ನಿರ್ಧರಿಸಬೇಕು. ಮನುಷ್ಯನಿಗೆ ಅಂಗಿ ಬದಲಾದರೂ ಕೈಯ ಹಚ್ಚೆ ಬದಲಾಗದು, ಇದೂ ಹಾಗೆ.

ಇಷ್ಟಾದರೂ, ನಿಜವಾದ ಜೋಡಿಯೆಲ್ಲ ದಂಡವೆಂದು ತಿಳಿಯಬಾರದು. ಉಕ್ಕಿನ ಮುಳ್ಳು ಹಾಕಿ ನೂರಾರು ಸಲ ನುಡಿಸಿದ ಪ್ಲೇಟು ಸವೆದು ಕರಕರ ಎನ್ನುತ್ತದೆ, ಕೈಜಾರಿದರೆ ಒಡೆಯುತ್ತದೆ. ಸ್ಪಿರಿಟ್ಟಿನಿಂದ ಒರೆಸಿದರೆ ಅರಗೇ ಕರಗಿ ಹಾಳಾಗುತ್ತದೆ. ಓದುಗರು ಇದನ್ನು ಮರೆಯಬಾರದು. ಎಲ್‌ಪಿಯ ಸಣ್ಣ ಮುಳ್ಳನ್ನು 78ರ ಅಗಲ ಗೆರೆಯ ಮೇಲೆ ಓಡಿಸುವುದೂ ತರವಲ್ಲ. ಆದ್ದರಿಂದ ಎರಡನೆಯ ಪ್ರತಿ ಮೊದಲನೆಯದಕ್ಕಿಂತ ಚೆನ್ನಾಗಿದ್ದರೆ ಅದು ಲಾಭವೇ. ಒಂದು ನಾಸಿಕದಲ್ಲಿಯೂ ಇನ್ನೊಂದು ಸಂಭಾಜಿನಗರದಲ್ಲಿಯೂ ಇದ್ದರೆ ಎರಡು ಊರಿನವರೂ ಕೇಳಬಹುದು.

ಈ ಊರಿನ ಸಾರ್ವಜನಿಕ ವಾಚನಾಲಯ 1840ರಿಂದ ನಡೆದುಬಂದಿದೆ. ಪುಸ್ತಕ ಬಂದೊಡನೆ ವಹಿಗೇರಬೇಕೆಂಬ ಪಾಠ ನಾಸಿಕಕ್ಕೆ ಹೊಸದಲ್ಲ. ಪ್ಲೇಟಿಗೆ ಆ ಶಿಸ್ತನ್ನು ತಪ್ಪಿಸಿದವರು ನಾವು. ಈಗ ಕೆಳಗಿನಂತೆ ಗೊತ್ತುಮಾಡಿದ್ದೇವೆ:

1. ಪ್ಲೇಟಿನ ಒಂದೊಂದು ಮೈಗೂ ವಹಿಯಲ್ಲಿ ಬೇರೆ ಬೇರೆ ಸಾಲು. ಗಾಯಕರು, ರಾಗ, ಲೇಬಲ್ಲು, ಎರಡೂ ಬಗೆಯ ಸಂಖ್ಯೆ, ಈಗಿನ ಸ್ಥಿತಿ, ಯಾವ ಊರಿನಲ್ಲಿದೆ ಎಂಬುದು: ಇಷ್ಟನ್ನೂ ಬರೆಯತಕ್ಕದ್ದು.

2. ಗಾಯಕರು ಒಂದೇ ಹೆಸರಿನಲ್ಲಿ ಇರಬೇಕು. ಉಳಿದ ಹೆಸರುಗಳ ಮುಂದೆ ‘ಇಂಥಲ್ಲಿ ನೋಡಿ’ ಎಂದಿರಬೇಕು.

3. ಕೊಳ್ಳಲು ಹೋಗುವವರ ಜೇಬಿನಲ್ಲಿ ಈ ವಹಿಯ ಕಿರುಪ್ರತಿ ಇರಬೇಕು. ಅಂಗಡಿಯ ಮುಂದೆ ನಿಂತಾಗ ನೆನಪನ್ನು ನಂಬಬಾರದು. ಆಸೆ ನೆನಪಿಗಿಂತ ಬಲವಾದದ್ದು. ಈಗ ಮೊಬೈಲಿನಲ್ಲಿ ಚಿತ್ರ ತೆಗೆದು ಇನ್ನೊಂದು ಊರಿನವರನ್ನು ಕೇಳಲು ಎರಡು ನಿಮಿಷವೂ ಬೇಡ.

4. ಎರಡೂ ಮೈ ಪೂರ್ತಿ ಕೇಳಿ, ಎರಡೂ ಊರಿನವರು ಒಪ್ಪಿ ಸಹಿ ಮಾಡದ ಹೊರತು ಯಾವ ಪ್ಲೇಟನ್ನೂ ಹೊರಗೆ ಕೊಡಕೂಡದು.

ನಾಲ್ಕನೆಯ ನಿಯಮ ನಮಗೆ ತುಟ್ಟಿಯಾಗಿ ಬಂದದ್ದು. ಮೊದಲ ತಪ್ಪಿನಿಂದ ಹೋದ ಒಂಬೈನೂರು ರೂಪಾಯಿಯನ್ನು ಮುಂದಿನ ವರ್ಷದ ವಂತಿಗೆಯಿಂದ ತುಂಬಬಹುದು. ಎರಡನೆಯ ತಪ್ಪನ್ನು ತುಂಬುವುದು ನಮ್ಮೊಬ್ಬರ ಕೈಯಲ್ಲಿಲ್ಲ. ಓದುಗರ ಮನೆಯ ಅಟ್ಟದ ಮೇಲೆ, ಅಜ್ಜನ ಪೆಟ್ಟಿಗೆಯಲ್ಲಿ, ಖಾನ್ ಸಾಹೇಬರ ಹಳೆಯ ಪ್ಲೇಟುಗಳಿದ್ದರೆ ದಯವಿಟ್ಟು ತಿಳಿಸಿರಿ. ನಮಗೆ ಕೊಡಬೇಕೆಂದಿಲ್ಲ, ಒಂದು ಗುರುವಾರದ ಸಂಜೆ ತಂದು ಒಮ್ಮೆ ಕೇಳಿಸಿದರೆ ಸಾಕು. ವಹಿ ವಾಚನಾಲಯದ ಮೇಜಿನ ಮೇಲೆಯೇ ಇದೆ.